ಮೋಟಾರಿಗೆ ಎಣ್ಣೆಸ್ನಾನ

"ಶ್! ಮಾತಾಡಬ್ಯಾಡ್ರಿ. ನಿಮ್ಮ ಗಾಡಿ ಜಪಕ್ಕ ಕೂತದ!"

ಬಾನೆಟ್ಟಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಭಾರೀ ಭಕ್ತಿಯಿಂದ ಹಾಗಂದವನನ್ನು ಸಾವಂತ್ರಿ ದುರುಗುಟ್ಟಿ ನೋಡಿದಳು.

ಗ್ಯಾರೇಜಿನಲ್ಲಿ ನಿಂತಿದ್ದ ಡ್ರೈವರುಗಳು ಮುಸಿಮುಸಿ ನಕ್ಕರು. ಅವಳ ಕಿವಿ ಬಿಸಿಯಾಯಿತು.

ಅಯ್ಯೋ... ಇಲ್ಲಿಯೂ ಅದೇ ನಗುವೇ?

"ಜಪಾನೂ ಇಲ್ಲ, ತಪಾನೂ ಇಲ್ಲ," ಅಂದಳು ಗಟ್ಟಿಯಾಗಿ. "ಎಂಜಿನ್ ಬಂದ್ ಮಾಡಿದ ಮ್ಯಾಲೂ ಒಳಗ ಟಿಕ್ ಟಿಕ್ ಅಂತ ಸಪ್ಪಳ ಬರ್ತದ. ಬಂದ್ ಮಾಡಿದ ಮ್ಯಾಲ ಯಾಕ ಬರಬೇಕು? ಏನರೆ ಮುರದದೇನು? ಅದನ್ನ ಕೇಳಾಕ ಬಂದೀನಿ."

"ಏನೂ ಮುರದಿಲ್ರಿ. ಇವತ್ತ ಶ್ರಾವಣ ಸೋಮವಾರ ಅಲ್ಲೇನ್ರಿ? ಮಣಿ ಎಣಸಾಕತ್ತದ. ನೀವೂ ಸುಮ್ಮ ಕೂಡ್ರಿ. ಜಪ ಮುಗಿದ ಕೂಡ್ಲೆ ತಾನ ಸುಮ್ಮನಾಗ್ತದ."

ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಚನ್ನಬಸವ್ವ ಆಗಲೇ ಎರಡೂ ಕೈ ಜೋಡಿಸಿಬಿಟ್ಟಿದ್ದಳು!

ಟಿಕ್... ಟಿಕ್... ಟಿಕ್. ಸದ್ದು ಸಣ್ಣಗಾಗುತ್ತ ಹೋಗಿ, ನಿಂತೇಹೋಯಿತು.

ಅವನು ಕಣ್ಣು ತೆರೆದು ನಕ್ಕ. ಮೂಗಿನ ಮೇಲೆ ಗ್ರೀಸಿನ ಕಪ್ಪು. "ಮುಗೀತು ನೋಡ್ರಿ."

ಇವನ ಹೆಸರು ಮಲಕಪ್ಪ. ಬೆಳಗಾವಿ ಸೀಮೆಯಿಂದ ಬಂದು, ಪುಣೆಯ ಸ್ವಾರಗೇಟ್ ಸುಂಕದ ನಾಕೆಯ ಹತ್ತಿರ ಗ್ಯಾರೇಜು ಇಟ್ಟವನು. ಊರಿನಿಂದ ಹೊರಬೀಳುವ ಮೋಟಾರುಗಳೆಲ್ಲ ಅವನ ಬಾಗಿಲ ಮುಂದೆಯೇ ಹಾಯಬೇಕು. ಬಾಯಿ ಜೋರು, ಮನಸ್ಸು ಮೆತ್ತಗೆ. ಆದರೆ ಎರಡನೆಯದು ಸಾವಂತ್ರಿಗೆ ಇನ್ನೂ ಗೊತ್ತಿಲ್ಲ, ಸ್ವಲ್ಪ ತಡೆಯಿರಿ.

ಸಾವಂತ್ರಿಯ ಅಪ್ಪ ಶಿವರುದ್ರಪ್ಪ ಧಾರವಾಡ ಕಡೆಯವರು. ರವಿವಾರ ಪೇಠೆಯಲ್ಲಿ ಬಟ್ಟೆ ಅಂಗಡಿ. ದಂಡಿನ ಕ್ಯಾಂಪಿನ ಸಾಹೇಬನೊಬ್ಬ ವಿಲಾಯತಿಗೆ ಹೊರಟಾಗ ಮಾರಿದ ಕಪ್ಪು ಮೋಟಾರನ್ನು ಹುರುಪಿನಿಂದ ಕೊಂಡು ತಂದರು. ತಂದ ದಿನವೇ ವಾಡೆಯ ಹೆಬ್ಬಾಗಿಲಿಗೆ ಒಂದು ಸಲ ಗುದ್ದಿದರು, ಇಳಿದರು, ಮತ್ತೆ ಸ್ಟೇರಿಂಗಿನ ಹಿಡಿ ಮುಟ್ಟಲಿಲ್ಲ.

"ಸಾವಂತ್ರೀ, ನೀನ ಕಲಿಯವಾ. ನನ್ನ ಕಡಿಂದ ಆಗೂದಿಲ್ಲ."

ಸಾಹೇಬನ ಹಳೆಯ ಡ್ರೈವರ್ ಕಲಿಸಿಕೊಟ್ಟ. ಇಳಕಲ್ ಸೀರೆ ಉಟ್ಟ ಹುಡುಗಿ ಮೋಟಾರು ಹೊಡೆಯುವುದನ್ನು ನೋಡಲು ಪೇಠೆಯ ಕಿಟಕಿಗಳೆಲ್ಲ ತೆರೆದವು. ಮೂವತ್ತಾರನೆಯ ಇಸವಿಯ ಮಾತು, ಹೆಣ್ಣುಮಕ್ಕಳು ಸೈಕಲ್ ತುಳಿದರೂ ಜನ ತಿರುಗಿ ನೋಡುತ್ತಿದ್ದರು! ಅಪ್ಪ ಒಂದೇ ಮಾತು ಹೇಳಿದ್ದರು:

"ಯಾರಿಗಾದ್ರೂ ಒಂದು ಪೆಟ್ಟು ಹತ್ತಿತೋ, ಗಾಡಿ ಮಾರಿಬಿಡ್ತೀನಿ. ಆಮ್ಯಾಲ ಅಳಬ್ಯಾಡ."

ಅದಕ್ಕೇ ಈ ಹೆದರಿಕೆ. ಗಾಡಿ ಕೆಮ್ಮಿದರೆ ಅವಳಿಗೆ ಊಟ ಸೇರದು.

ಇನ್ನೊಂದು ಮಾತು. ಸಾವಂತ್ರಿಗೆ ಹುಟ್ಟಿನಿಂದ ಒಂದು ಚಾಳಿ: 'ಯಾಕೆ' ಅನ್ನುವುದು. ತಾಯಿಯಿಲ್ಲದ ಹುಡುಗಿ, ಅಜ್ಜಿ ಸಾಕಿದ್ದು, ಯಾರೂ ಬಾಯಿ ಮುಚ್ಚಿಸಲಿಲ್ಲ. ಅವಳನ್ನು ನೋಡಲು ಬಂದ ವಿಜಾಪುರದ ವರನಿಗೆ, "ನಿಮ್ಮೂರ ಬಾವಿ ನೀರು ಉಪ್ಪು ಯಾಕ್ರಿ?" ಎಂದು ಕೇಳಿದಳು. ಆತನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆ. ನಕ್ಕ. ಬಂದವರೆಲ್ಲ ನಕ್ಕರು. ಹೋಗುವಾಗ ಬೀಗತಿಯಾಗಬೇಕಿದ್ದಾಕೆ, "ಹುಡುಗಿ ಅಲ್ರೀ ಇದು, ಪ್ರಶ್ನಾಪತ್ರಿಕಿ!" ಎಂದಳು.

ಆ ಹೆಸರು ಬಳಗದಲ್ಲೆಲ್ಲ ಉಳಿದುಬಿಟ್ಟಿತು. ಅದಾದ ಮೇಲೆ ಯಾವ ವರನೂ ಬರಲಿಲ್ಲ.

ವರ ಬಾರದ್ದಕ್ಕೆ ಸಾವಂತ್ರಿ ಅತ್ತವಳಲ್ಲ. ಆ ನಗುವಿಗೆ ಅತ್ತಿದ್ದಳು. ನನ್ನ ಮಾತಿಗೆ ನಗದೆ ಉತ್ತರ ಹೇಳುವವರು ಈ ಭೂಮಿ ಮೇಲೆ ಒಬ್ಬರಾದರೂ ಇಲ್ಲವೇ?

ಮಲಕಪ್ಪನೂ ನಕ್ಕಿದ್ದ. ಆದರೂ... ಉತ್ತರವನ್ನೂ ಕೊಟ್ಟಿದ್ದನಲ್ಲ? ಅದೂ ತಕ್ಷಣ! ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದಳು.

ವಾರ ಕಳೆಯುವಷ್ಟರಲ್ಲಿ ಗಾಡಿಯ ಮುಂದಿನ ಮೂತಿಯಿಂದ ನೀರು ತೊಟ್ಟಿಕ್ಕಿತು. ಮತ್ತೆ ಸ್ವಾರಗೇಟ್!

"ನೀರು ಸೋರತದ್ರಿ! ಯಾಕ?"

"ಕಾತ್ರಜ ಘಾಟ ಏರಿ ಬಂದೀರಿ. ನಿಮಗ ಬೆವರು ಬಂತಿಲ್ಲೋ?"

"ನಾ ಕೂತಿದ್ದೆ. ನನಗ್ಯಾಕ ಬರ್ತದ?"

"ಗಾಡಿ ಕೂತಿದ್ದಿಲ್ರಿ, ಓಡಿತ್ತು. ಅದಕ್ಕ ಬಂತು. ಒಂದು ತಂಬಿಗಿ ನೀರು ಕುಡಸ್ರಿ, ಆಶೀರ್ವಾದ ಮಾಡ್ತದ."

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಸಾವಂತ್ರಿಗೂ ನಗು ಬಂತು. ತಡೆದುಕೊಂಡಳು.

ಗಣಪತಿ ಹಬ್ಬ ಮುಗಿದ ಮೇಲೆ ಬಂದ ಚಿಂತೆಯಂತೂ ಕೇಳಲೇಬೇಡಿ.

"ಟೈರಿನಾಗಿನ ಗಾಳಿ ಸಾಹೇಬರು ಇದ್ದಾಗಿಂದು. ಹಳೇದಾಗಿರ್ತದಲ್ರೀ? ಬದಲಿ ಮಾಡಬೇಕೇನು?"

ಮಲಕಪ್ಪ ಗಂಭೀರವಾಗಿ ಟೈರು ಮೂಸಿದ. ತಲೆಯಾಡಿಸಿದ.

"ಹೌದ್ರಿ... ಪೂರಾ ವಿಲಾಯತಿ ವಾಸನಿ! ನೀವು ಖಾದಿ ರವಿಕಿ ತೊಟ್ಟು ವಿಲಾಯತಿ ಗಾಳಿ ಮ್ಯಾಲ ಅಡ್ಡಾಡಿದ್ರ ಮಂದಿ ಏನಂದಾರು? ತಗದು ಸ್ವದೇಶಿ ಗಾಳಿ ತುಂಬತೀನಿ ಬಿಡ್ರಿ."

ಈ ಸಲ ಅವಳಿಗೆ ತಡೆಯಲಾಗಲಿಲ್ಲ. ಖಳಖಳನೆ ನಕ್ಕುಬಿಟ್ಟಳು. ಪಂಪು ಒತ್ತುತ್ತಿದ್ದವನ ಕೈ ನಿಂತೇ ಹೋಯಿತು. ಹೀಗೆ ಬಾಯಿ ತುಂಬ ನಗುವ ಹುಡುಗಿಯನ್ನು ಅವನು ನೋಡಿರಲಿಲ್ಲ, ಪಾಪ.

"ಪಂಪು... ಒತ್ರಿ," ಅಂದಳು ಮೆಲ್ಲಗೆ.

"ಹಾಂ? ಹೌದು. ಒತ್ತತೀನ್ರಿ."

ಆ ದಿನದಿಂದ ಗಾಡಿಗೆ ಏನೇನೋ ಕಾಯಿಲೆಗಳು. ಕನ್ನಡಿ ಮಂಜಾಗುತ್ತದೆ, ಹಾರ್ನು ನೆಗಡಿಯಾದಂತೆ ಕೂಗುತ್ತದೆ... ಯಾವುದೂ ರೋಗವಲ್ಲ. ಆದರೆ ಟಿಕ್ ಟಿಕ್ ಸದ್ದು ಮಾತ್ರ ಅವಳ ತಲೆಯಿಂದ ಇಳಿಯಲಿಲ್ಲ. ಹೋದಾಗಲೆಲ್ಲ ಕೇಳುತ್ತಿದ್ದಳು.

ದೀಪಾವಳಿ ಹತ್ತಿರ ಬಂತು. ಆ ದಿನ ಗ್ಯಾರೇಜಿನಲ್ಲಿ ಗದ್ದಲವೋ ಗದ್ದಲ.

"ಮಲಕಪ್ಪಾ, ನೆಟ್ಟಗೆ ಹೇಳ್ರಿ. ಆ ಸಪ್ಪಳ ಯಾಕ?"

ಅವನು ಒಂದು ಗಳಿಗೆ ತಡವರಿಸಿದ. ಆಮೇಲೆ ಎಂದಿನ ನಗು.

"ಕೀಲು ನೋವ್ರಿ! ವಯಸ್ಸಾತಲ್ಲ. ನರಕ ಚತುರ್ದಶಿ ಬಂತು, ಎಲ್ಲಾರ ಕೂಡ ಅದಕ್ಕೂ ಎಣ್ಣಿ ತಿಕ್ಕಿ ಎರಡು ಹಂಡೆ ನೀರು ಹಾಕ್ರಿ. ಸಪ್ಪಳ ಹೋಗದಿದ್ರ ಕೇಳ್ರಿ!"

ಸಾವಂತ್ರಿ ಹುಸಿಮುನಿಸಿನಿಂದ ಗಾಡಿ ತಿರುಗಿಸಿದಳು. ಹಿಂದೆ ಕೂತಿದ್ದ ಅಜ್ಜಿ ಮಾತ್ರ ನಗಲಿಲ್ಲ. ಹೌದಲ್ಲ... ಎಂದುಕೊಂಡಳು. ಆ ದಿನ ಮನೆಯವರಿಗೆಲ್ಲ ಎಣ್ಣೆ, ಹಿತ್ತಲ ಆಕಳಿಗೂ ಎಣ್ಣೆ, ಅದರ ಕರುವಿಗೂ ಎಣ್ಣೆ. ಮಗನ ಪ್ರಾಣ, ಮೊಮ್ಮಗಳ ಪ್ರಾಣ ಹೊತ್ತು ತಿರುಗುವ ಗಾಡಿ ಏನು ಪಾಪ ಮಾಡಿತ್ತು?

ನರಕ ಚತುರ್ದಶಿಯ ನಸುಕು. ಬಚ್ಚಲಲ್ಲಿ ತಾಮ್ರದ ಹಂಡೆ. ಎಲ್ಲರ ಸ್ನಾನ ಮುಗಿದು, ಒಲೆಯ ಬೆಂಕಿ ಆರಿತ್ತು. ಸಾವಂತ್ರಿ ಸೀಗೇಕಾಯಿ ಹಾಕಿ ತೊಳೆದ ಕೂದಲಿಗೆ ಬಟ್ಟೆ ಸುತ್ತುತ್ತಿದ್ದಳು.

ಟಿಕ್.

ಅವಳು ತಿರುಗಿದಳು.

ಟಿಕ್... ಟಿಕ್.

ಬರಿದಾದ ಹಂಡೆ! ಬೆಂಕಿಯಿಲ್ಲ, ನೀರಿಲ್ಲ, ಯಾರೂ ಮುಟ್ಟಿಲ್ಲ. ಅವಳು ಕೂತು ಕಿವಿಯಿಟ್ಟಳು. ಬಿಸಿಯಿದ್ದಾಗ ಬೇಗಬೇಗ, ತಣ್ಣಗಾದಂತೆ ನಿಧಾನ. ಪೂರಾ ತಣ್ಣಗಾದ ಮೇಲೆ ಮೌನ.

ಕಾದಾಗ ಲೋಹ ಹಿಗ್ಗುತ್ತದೆ, ಆರುವಾಗ ಕುಗ್ಗುತ್ತದೆ ಎಂದು ಸಾಲೆಯಲ್ಲಿ ಹೇಳಿದ್ದರಲ್ಲ! ಕುಗ್ಗುವಾಗಿನ ಸದ್ದು ಇದು! ಗಾಡಿಯದೂ ಇದೇ! ಮುರಿದಿಲ್ಲ, ಕೆಟ್ಟಿಲ್ಲ, ಕಾವು ಇಳಿಯುತ್ತಿದೆ, ಅಷ್ಟೇ!

ಅವಳಿಗೆ ಕುಣಿಯಬೇಕೆನಿಸಿತು. ಮೊದಲು ಯಾರಿಗೆ ಹೇಳಬೇಕು ಅನಿಸಿತು, ಗೊತ್ತೇ? ಅಪ್ಪನಿಗಲ್ಲ. ಅಜ್ಜಿಗಲ್ಲ. ಹಾಗೆ ಅನಿಸಿದ್ದಕ್ಕೆ ತಾನೇ ನಾಚಿ, ಒದ್ದೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

ಅಪ್ಪನನ್ನು ಓಂಕಾರೇಶ್ವರ ಗುಡಿಗೆ ಕರೆದೊಯ್ಯಬೇಕಿತ್ತು. ಗಾಡಿ ಮಿಂಚುತ್ತಿತ್ತು. ಅಜ್ಜಿ ತೊಳೆಸಿರಬೇಕು ಅಂದುಕೊಂಡಳು. ಕತ್ತಲಲ್ಲೇ ಎದ್ದ ಅಜ್ಜಿ ಒಂದು ಗಿಂಡಿ ಬೆಚ್ಚನೆಯ ಎಳ್ಳೆಣ್ಣೆಯನ್ನು ನಾಲ್ಕೂ ಗಾಲಿಗಳ ಸಂದುಗೊಂದಿಗೆಲ್ಲ ಉಣಿಸಿ, ಬಿಸಿನೀರು ಹಾಕಿ, ಆರತಿ ಎತ್ತಿದ್ದು ಅವಳಿಗೆ ಹೇಗೆ ಗೊತ್ತಾಗಬೇಕು?

ಬೀದಿ ಖಾಲಿ. ನದಿಯ ಕಡೆಗಿನ ಇಳಿಜಾರು ಬಂತು. ಬ್ರೇಕು ತುಳಿದಳು.

ಗಾಡಿ ನಿಲ್ಲಲಿಲ್ಲ.

ಇನ್ನೂ ಜೋರಾಗಿ ತುಳಿದಳು. ಜಾರುತ್ತಲೇ ಇತ್ತು!

"ಸಾವಂತ್ರೀ! ನಿಲ್ಲಸಽ!"

ಗುಡಿಯ ಮುಂದೆ ಜನ. ಎಡಕ್ಕೆ ಎತ್ತು ಬಿಚ್ಚಿ ನಿಲ್ಲಿಸಿದ್ದ ಕಣಿಕೆಯ ಬಂಡಿ. ಅವಳು ಹಿಡಿಯನ್ನು ಎಡಕ್ಕೆ ಎಳೆದಳು. ಗಾಡಿ ಮೂತಿಯನ್ನು ಜೋಳದ ಕಣಿಕೆಯೊಳಗೆ ತೂರಿಸಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಅಪ್ಪನ ಹಣೆ ಮಾತ್ರ ಮುಂದಿನ ಸೀಟಿಗೆ ಬಡಿದು, ಗುಬಟಿ ಎದ್ದಿತು. ಅಷ್ಟು ಸಾಕಾಗಿತ್ತು.

ಬಂಡಿಯ ಎತ್ತುಗಳನ್ನೇ ಮೋಟಾರಿಗೆ ಕಟ್ಟಿ ಸ್ವಾರಗೇಟಿಗೆ ಎಳೆಸಿಕೊಂಡು ಹೋದರು. ದಾರಿಯುದ್ದಕ್ಕೂ ಪಟಾಕಿ ಹಾರಿಸುವ ಮಕ್ಕಳ ಕೇಕೆ. ಸಾವಂತ್ರಿ ತಲೆ ತಗ್ಗಿಸಿ ಕೂತಿದ್ದಳು. ಮಲಕಪ್ಪ ಒಬ್ಬ ಸಿಕ್ಕರೆ ಸಾಕು... ಅವನು ಏನಾದರೂ ಮಾಡುತ್ತಾನೆ.

ಗ್ಯಾರೇಜಿನಲ್ಲಿ ಡ್ರೈವರುಗಳು ಹಬ್ಬದ ಫರಾಳದ ತಿಂಡಿಗೆ ಸೇರಿದ್ದರು. ಎತ್ತು ಹೂಡಿದ ಮೋಟಾರು ಕಂಡದ್ದೇ ತಡ, ಪಂಢರಿನಾಥನೆಂಬ ಲಾರಿ ಡ್ರೈವರ್ ಚಕ್ಕುಲಿ ಎತ್ತಿ ಹಿಡಿದು ಕೂಗಿದ:

"ಬಂದ್ರಪ್ಪೋ, ಟಿಕ್ ಟಿಕ್ ಬಾಯಿ! ಮಲಕಪ್ಪಾ, ಎಣ್ಣಿಸ್ನಾನ ಮಾಡಿಸಿಯೇ ಬಿಟ್ಟಾರ ನೋಡೋ! ಗಾಲಿ ತುಂಬ ಎಣ್ಣಿ!"

ಗ್ಯಾರೇಜು ಗೊಳ್ಳೆಂದಿತು. ನಗುವವರ ನಡುವೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು... ಮಲಕಪ್ಪ.

ಆಮೇಲಷ್ಟೇ ಅವನು ಶಿವರುದ್ರಪ್ಪನವರ ಹಣೆ ನೋಡಿದ. ಅವಳ ಮುಖ ನೋಡಿದ. ನಗು ಅರ್ಧಕ್ಕೇ ನಿಂತಿತು.

ಆದರೆ ಅವಳು ಕಂಡಾಗಿತ್ತು.

"ಟಿಕ್ ಟಿಕ್ ಬಾಯಿ... ನನ್ನ ಹೆಸರು ಇಲ್ಲಿ ಇದಾ ಏನ್ರಿ?" "ನಾ ಕೇಳಿದ್ದೆಲ್ಲಾ ಫರಾಳದ ಕೂಡ ಹಂಚಿಕೊಂಡು ತಿಂತಿದ್ರೇನು?"

"ಸಾವಂತ್ರಿಯವರ, ಹಂಗಲ್ರಿ, ನಾನು—"

"ಗೊತ್ತಿದ್ರ ಹೇಳಬೇಕಿತ್ತು. ಗೊತ್ತಿಲ್ಲದಿದ್ರ ಗೊತ್ತಿಲ್ಲ ಅನಬೇಕಿತ್ತು. ನೀವೂ ಎಲ್ಲಾರ ಹಂಗನ!"

ಮಲಕಪ್ಪ ನಗೆಮಾತು ಬಿಟ್ಟು ಗಾಲಿಯ ಮುಂದೆ ಕುಕ್ಕರಿಸಿದ. ಮೊಟ್ಟಮೊದಲ ಸಲ!

"ಇದನ್ನ ಸರಿ ಮಾಡಿ, ಗಿರಾಕಿ ನೋಡಿ ಮಾರಿಬಿಡು ಮಲಕಪ್ಪಾ," ಅಂದರು ಶಿವರುದ್ರಪ್ಪ. "ಪಾಡ್ಯದ ದಿನ ಬಂದು ಹೇಳು."

ಸಾವಂತ್ರಿ ತಿರುಗಿ ನೋಡದೆ ಟಾಂಗಾ ಹತ್ತಿದಳು.

ಮನೆಯಲ್ಲಿ ಅಜ್ಜಿ ಅತ್ತೂ ಅತ್ತೂ ಸುಸ್ತಾದಳು. "ನಂದ ತಪ್ಪವಾ. ಆ ಹುಡುಗ ನಗಚಾಟಿಕಿಗೆ ಅಂದಿದ್ದ. ನಾ ಖರೇ ಅಂತ ತಿಳದೆ."

"ಇಲ್ಲ ಅಜ್ಜಿ. ನೀ ಪ್ರೀತಿಲೆ ಮಾಡಿದಿ."

ಅಮಾವಾಸ್ಯೆಯ ಲಕ್ಷ್ಮೀಪೂಜೆ ಮುಗಿಯಿತು. ವಾಡೆಯ ಅಂಗಳದಲ್ಲಿ ಗಾಡಿ ನಿಲ್ಲುತ್ತಿದ್ದ ಜಾಗ ಖಾಲಿ. ಸಾವಂತ್ರಿ ಯಾರಿಗೂ ಏನನ್ನೂ ಕೇಳಲಿಲ್ಲ. ಊಟಕ್ಕೆ ಏನು ಮಾಡಿದ್ದೀರಿ ಅಂತಲೂ ಕೇಳಲಿಲ್ಲ. ಮಗಳು ಹೀಗೆ ಸುಮ್ಮನಿದ್ದದ್ದನ್ನು ಅವಳು ಹುಟ್ಟಿದಾಗಿನಿಂದ ಶಿವರುದ್ರಪ್ಪ ಕಂಡಿರಲಿಲ್ಲ. ಅವರಿಗೆ ಹಣೆಯ ಗುಬಟಿಗಿಂತ ಇದೇ ಹೆಚ್ಚು ನೋಯಿತು.

ಪಾಡ್ಯದ ಬೆಳಿಗ್ಗೆ. ಅಂಗಳದಲ್ಲಿ ಮೋಟಾರಿನ ಸದ್ದು!

ಅವಳ ಎದೆ ಹಾರಿತು. ಛೀ, ಯಾಕೆ ಹಾರಬೇಕು? ಅಡುಗೆಮನೆಯ ಬಾಗಿಲ ಹಿಂದೆ ನಿಂತಳು.

ಮಲಕಪ್ಪ ಕೈಯಲ್ಲಿ ಗಾಡಿಯ ಕೀಲಿ ಹಿಡಿದು ಪಡಸಾಲೆಯಲ್ಲಿ ನಿಂತಿದ್ದ. ಮುಖದಲ್ಲಿ ಗ್ರೀಸೂ ಇಲ್ಲ, ನಗುವೂ ಇಲ್ಲ.

"ಎಣ್ಣಿ ಕುಡದು ಜಾರತಿದ್ದ ಬ್ರೇಕಿನ ಪಟ್ಟಿ ತಗದು ನಾಕೂ ಹೊಸಾವು ಹಾಕೀನ್ರಿ. ಗಿರಾಕಿ ಸಿಕ್ಕಾನ. ಆದರ ಮಾರೂಕಿಂತ ಮೊದಲ ನಿಮ್ಮ ಮಗಳಿಗೆ ಒಂದು ಮಾತು ಹೇಳಬೇಕು. ನಿಮ್ಮೆಲ್ಲಾರ ಮುಂದನ ಹೇಳ್ತೀನಿ."

ಶಿವರುದ್ರಪ್ಪ ಹುಬ್ಬು ಗಂಟಿಕ್ಕಿದರು. ಅಜ್ಜಿ, "ಹೇಳಪಾ," ಅಂದಳು.

ಅವನು ಅಡುಗೆಮನೆಯ ಬಾಗಿಲಿನ ಕಡೆ ತಿರುಗಿದ.

"ಆ ಸಪ್ಪಳ ಯಾಕ ಬರ್ತದ ಅಂತ... ನನಗ ಗೊತ್ತಿದ್ದಿಲ್ರಿ. ಏನೂ ಕೆಟ್ಟಿಲ್ಲ ಅಂತ ಗೊತ್ತಿತ್ತು. ಯಾಕ ಅಂತ ಗೊತ್ತಿದ್ದಿಲ್ಲ. ನನ್ನ ಉಸ್ತಾದ 'ಅದು ಹಂಗ ಅಂತದ, ಬಿಡು' ಅಂದಿದ್ದ. ನಾನೂ ಬಿಟ್ಟಿದ್ದೆ. ನಿಮ್ಮ ಮುಂದ ಗೊತ್ತಿಲ್ಲ ಅನಾಕ ನಾಚಿಕಿ ಆತು. ಅದಕ್ಕ ಜಪ ಅಂದೆ, ಕೀಲು ನೋವು ಅಂದೆ."

ಬಾಗಿಲ ಹಿಂದೆ ಸಾವಂತ್ರಿ ಒಂದು ಹೆಜ್ಜೆ ಮುಂದೆ ಬಂದಳು.

"ಇನ್ನೊಂದು. ಏನೂ ಆಗಿಲ್ಲ, ಮನಿಗೆ ಹೋಗ್ರಿ ಅಂದಿದ್ರ ನೀವು ಮತ್ತ ಬರ್ತಿದ್ದಿಲ್ಲ. ನಕ್ಕರ ಬರ್ತೀರಿ ಅಂತ ನಗಸ್ತಿದ್ದೆ. ಆದರ ಅವರ ಕೂಡ ಕೂಡಿ ನಕ್ಕೆ ನೋಡ್ರಿ... ಅದು ತಪ್ಪು. ಭಾಳ ತಪ್ಪು. ಪಂಢರಿನಾಥಗೂ ಹೇಳೀನಿ, ಆ ಹೆಸರು ಇನ್ನೊಮ್ಮೆ ಗ್ಯಾರೇಜಿನಾಗ ಕೇಳಿಸಬಾರ್ದು ಅಂತ."

"ಹಂಡೆ," ಅಂದಿತು ಬಾಗಿಲ ಹಿಂದಿನ ದನಿ.

"ಏನ್ರಿ?"

ಸಾವಂತ್ರಿ ಹೊರಗೆ ಬಂದಳು. ಕಣ್ಣು ಒದ್ದೆ, ಗದ್ದ ಮೇಲೆ. "ಬಚ್ಚಲದ ಹಂಡೆನೂ ಹಂಗ ಅಂತದ. ಕಾದಾಗ ಹಿಗ್ಗತದ, ಆರುವಾಗ ಕುಗ್ಗತದ. ಕುಗ್ಗುವಾಗ ಟಿಕ್ ಅಂತದ. ಎಂಜಿನ್ನೂ ಹಂಗನ. ಕಾವು ಇಳಿಯೂ ಸಪ್ಪಳ ಅದು."

ಮಲಕಪ್ಪ ಅವಳ ಕಡೆ ಬಾಗಿದ. ಅವನು ನಗಲಿಲ್ಲ. "ಅಬ್ಬಾ...! ಹಂಗಾದ್ರ ಹೊಗಿ ಹೋಗೂ ಕೊಳವಿ ಎಲ್ಲಾಕಿಂತ ಜೋರು ಟಿಕ್ ಅಂತದಲ್ರೀ, ಅದು ಎಲ್ಲಾಕಿಂತ ಹೆಚ್ಚು ಕಾದಿರ್ತದಂತನ ಏನು?"

ಸಾವಂತ್ರಿ ಅವನನ್ನೇ ನೋಡಿದಳು. ಅವಳ ಮಾತಿಗೆ ಎಲ್ಲರೂ ನಕ್ಕಿದ್ದರು, ಬೈದಿದ್ದರು, ಬುದ್ಧಿ ಹೇಳಿದ್ದರು. ಅವಳನ್ನು ತಿರುಗಿ ಒಂದು ಪ್ರಶ್ನೆ ಕೇಳಿದವರು ಇವನೊಬ್ಬನೇ.

ಅಜ್ಜಿ ಚನ್ನಬಸವ್ವ ಇದನ್ನೆಲ್ಲ ನೋಡಿದಳು. ಸದ್ದಿಲ್ಲದೆ ಒಳಗೆ ಹೋದಳು. ಹಣತೆ, ಕುಂಕುಮ, ಅಕ್ಷತೆಯ ಆರತಿ ತಟ್ಟೆ ತಂದು ಮೊಮ್ಮಗಳ ಕೈಗಿಟ್ಟಳು.

"ಹಬ್ಬದಾಗ ಮನಿಗೆ ಬಂದ ಗಂಡಸು. ಆರತಿ ಇಲ್ಲದ ಕಳಸಬಾರ್ದು. ಇವತ್ತ ಮಾಡ್ತೀಯೋ, ನಾಳೆ ಮಾಡ್ತೀಯೋ? ನೀನ ಹೇಳು."

ಪುಣೆಯಲ್ಲಿ ಇಷ್ಟು ವರ್ಷ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಊರಲ್ಲಿ ಪಾಡ್ಯದ ದಿನ ಹೆಂಡತಿ ಗಂಡನಿಗೆ ಆರತಿ ಎತ್ತುತ್ತಾಳೆ. ಮರುದಿನ ಬಿದಿಗೆ, ಅಂದು ತಂಗಿ ಅಣ್ಣನಿಗೆ ಎತ್ತುತ್ತಾಳೆ.

ಶಿವರುದ್ರಪ್ಪ, "ಯವ್ವಾ! ಏನ ಮಾತಾಡ್ತಿ!" ಎಂದು ಎದ್ದರು.

"ಸುಮ್ಮ ಕೂಡೋ ನೀ. ಎರಡು ದಿನ ಹುಡುಗಿ ಬಾಯಿ ಬಿಟ್ಟಿದ್ದಿಲ್ಲ. ಯಾರು ಬಿಡಿಸಿದ್ರು, ನೋಡಿದಿಯಿಲ್ಲೋ?"

ಅವರು ಮಗಳ ಮುಖ ನೋಡಿದರು. ಕೂತರು.

ಮಲಕಪ್ಪನ ಮುಖ ಬಿಳಿಚಿಕೊಂಡಿತ್ತು. "ನಾಳೆ ಮಾತ್ರ ಬ್ಯಾಡ್ರಿ... ನಿಮ್ಮ ಕಾಲು ಬೀಳ್ತೀನಿ. ಬೇಕಾದ್ರ ಆರತಿನ ಬ್ಯಾಡ, ಹಂಗ ಹೋಗ್ತೀನಿ. ನಾಳೆ ಮಾತ್ರ ಬ್ಯಾಡ!"

ಸಾವಂತ್ರಿಗೆ ನಗುವೂ ಬಂತು, ಅಳುವೂ ಬಂತು. ಕಡ್ಡಿ ಗೀರಿದಳು. ಹಣತೆ ಹೊತ್ತಿತು.

"ಮಣಿ ಮ್ಯಾಲ ಕೂಡ್ರಿ," ಅಂದಳು. "ಇವತ್ತ ಮಾಡ್ತೀನಿ."

ಅವನು ಮಣೆಯ ಮೇಲೆ ಕೂತ. ಅವಳು ಹಣೆಗೆ ಕುಂಕುಮ ಹಚ್ಚಿದಳು. ಆರತಿ ಎತ್ತಿದಳು. ತಟ್ಟೆಯಲ್ಲಿ ಏನಾದರೂ ಹಾಕಬೇಕಲ್ಲ! ಅವನು ಗಾಬರಿಯಿಂದ ಜೇಬು ತಡಕಾಡಿದ. ಏನೂ ತಂದಿರಲಿಲ್ಲ. ಕೈಯಲ್ಲಿದ್ದದ್ದು ಒಂದೇ.

ಟಣ್ ಎಂದು ಗಾಡಿಯ ಕೀಲಿ ತಟ್ಟೆಗೆ ಬಿತ್ತು.

"ಏಯ್! ಅದು ನನ್ನ ಗಾಡಿ ಕೀಲಿ!" ಎಂದು ಕೂಗಿದರು ಶಿವರುದ್ರಪ್ಪ.

"ಆಗಿತ್ತು," ಅಂದಳು ಅಜ್ಜಿ. "ಆರತಿ ತಟ್ಟಿಗೆ ಬಿದ್ದದ್ದನ್ನ ವಾಪಸ್ ತಗೊಂಡವರನ್ನ ನಾ ಅಂತೂ ನೋಡಿಲ್ಲ."

ಶಿವರುದ್ರಪ್ಪ ಹಣೆಯ ಗುಬಟಿ ಮುಟ್ಟಿಕೊಂಡರು. ತಾಯಿಯನ್ನು ನೋಡಿದರು, ಮಗಳನ್ನು ನೋಡಿದರು. "ಬೆಳಗಾವ್ಯಾಗ ನಿಮ್ಮ ಹಿರ್ಯಾರು ಅದಾರಿಲ್ಲೋ? ಹಬ್ಬ ಮುಗೀಲಿ, ಕಾಗದ ಬರೀತೀನಿ," ಎಂದು ಗೊಣಗಿದರು. "ಈಗ ಅಂಗಡ್ಯಾಗ ಹೊಸ ಲೆಕ್ಕದ ಪುಸ್ತಕದ ಮುಹೂರ್ತಕ್ಕ ಹೊತ್ತಾತು. ನನ್ನ ಅಲ್ಲಿ ಮುಟ್ಟಸ್ರಿ. ಯವ್ವಾ, ನೀ ಗಾಲಿ ಹತ್ತರ ಬರಬ್ಯಾಡ!"

ಅಂಗಳದಲ್ಲಿ ಗಾಡಿ ಇನ್ನೂ ಬಿಸಿಯಿತ್ತು. ಟಿಕ್... ಟಿಕ್. ಇಬ್ಬರೂ ಬಾನೆಟ್ಟಿನ ಎರಡು ಬದಿಗೆ ನಿಂತು ಕೇಳಿದರು.

"ಮಲಕಪ್ಪಾ... ಒಂದು ಕೇಳ್ಲೇನು?"

"ಕೇಳ್ರಿ."

"ಕಾವು ಇಳಿದ ಮ್ಯಾಲ ಇದು ಸುಮ್ಮನಾಗ್ತದ. ಲಗ್ನ ಆಗಿ ಭಾಳ ವರ್ಷ ಆದ ಮ್ಯಾಲ, ನೀವೂ ನನ್ನ ಕೂಡ ಮಾತು ಬಿಟ್ಟು ಸುಮ್ಮನಾಗ್ತೀರೇನು?"

ಒಂದು ನಗೆಮಾತು ಅವನ ತುಟಿಯವರೆಗೆ ಬಂದಿತ್ತು. ಅದನ್ನು ನುಂಗಿದ. ನಿಜವಾಗಿ ಯೋಚಿಸಿದ.

"ಗೊತ್ತಿಲ್ರಿ," ಅಂದ. "ಇಬ್ಬರೂ ಕೂಡಿ ನೋಡೂಣು."

ಗೊತ್ತಿಲ್ಲ! ಇಷ್ಟು ವರ್ಷ ಇದೊಂದು ಮಾತಿಗಾಗಿ ಕಾದಿದ್ದಳು ಅವಳು. ಕಣ್ಣೀರು ಕೆನ್ನೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

"ಹಂಗಾದ್ರ ಮೂತಿ ಮುಂದಿನ ಹ್ಯಾಂಡಲ್ ತಿರುವಿ ಎಂಜಿನ್ ಚಾಲೂ ಮಾಡ್ರಿ," ಅಂದಳು ಕೀಲಿ ಕೈಗೆತ್ತಿಕೊಂಡು. "ಅಪ್ಪಗ ಹೊತ್ತಾಗ್ತದ."